ಸೋಮನ ಕಾಲು

ಕೋವಿಡ್‌ನ ಎರಡನೇ ಅಲೆಯಲ್ಲಿ ಅಪ್ಪ ಹೋದರು. ವಿಮಾನಗಳು ನಿಂತಿದ್ದವು, ನಾನು ದೂರದ ಡಚ್ ಊರು ಹಾರ್ಲೆಮ್‌ನ ಅಡುಗೆಮನೆಯಲ್ಲಿ ಫೋನ್ ಹಿಡಿದು ಕೂತಿದ್ದೆ. ಆಸ್ಪತ್ರೆಯವರು ಸುತ್ತಿ ಕೊಟ್ಟದ್ದನ್ನು ಅಣ್ಣ ಹಾಗೇ ಮಣ್ಣು ಮಾಡಿ ಬಂದ. ಮುಖ ಯಾರೂ ನೋಡಲಿಲ್ಲ. ನೋಡದ್ದನ್ನು ನಂಬುವುದು ಹೇಗೆ? ನಾನು ನಂಬಲಿಲ್ಲ, ಸಮಾಧಾನ ಹೇಳಲು ಬಂದವರ ಮೇಲೆ ರೇಗಿದೆ. ಅಪ್ಪ ಊರಲ್ಲೇ ಇದ್ದಾರೆ, ಫೋನ್ ಎತ್ತುತ್ತಿಲ್ಲ ಅಷ್ಟೆ ಎಂದುಕೊಂಡರೆ ದಿನ ಸಾಗುತ್ತಿತ್ತು.

ಆ ಬೇಸಿಗೆ ಮ್ಯೂಸಿಯಂಗಳು ಮತ್ತೆ ತೆರೆದವು. ಮನೆಯೊಳಗೇ ಇದ್ದು ಏಳು ವರ್ಷದ ಮಗಳೂ ನಾನೂ ಒಬ್ಬರ ತಲೆ ಒಬ್ಬರು ತಿನ್ನುತ್ತಿದ್ದೆವು. ಸ್ಲಾಟ್ ಬುಕ್ ಮಾಡಿ ಅವಳನ್ನು ಹತ್ತಿರದ ಲೈಡನ್ ಊರಿನ ಮ್ಯೂಸಿಯಂಗೆ ಕರೆದೊಯ್ದೆ. ಅಲ್ಲಿ ಒಂದು ಗೋಡೆಯ ತುಂಬ ಹೋಪಿ ಚಿತ್ರಕಾರನೊಬ್ಬನ ಜಲವರ್ಣಗಳು. ಅಮೆರಿಕದ ಮರುಭೂಮಿ ಸೀಮೆಯಲ್ಲಿ ಕಲ್ಲು ಮಣ್ಣಿನ ಊರು ಕಟ್ಟಿಕೊಂಡು ಬಾಳುವ ಪ್ಯುಬ್ಲೋ ಜನರಲ್ಲಿ ಹೋಪಿಗಳದು ಒಂದು ಪಂಗಡ. ಮಳೆಗಾಗಿ, ಮುಸುಕಿನ ಜೋಳದ ಬೆಳೆಗಾಗಿ ಅವರು ಕುಣಿಯುವ ಕುಣಿತಗಳನ್ನು ಅವನು ಬರೆದಿದ್ದ.

ಸಾಲಾಗಿ ನಿಂತ ಕುಣಿತದವರು, ಬಣ್ಣದ ಮುಖವಾಡ, ಕೊರಳಿಗೆ ಹಸಿರು ಸೊಪ್ಪು, ಕೈಯಲ್ಲಿ ಸೋರೆಬುರುಡೆಯ ಗಿಲಕಿ. ಒಂದೊಂದು ಗರಿಯನ್ನೂ ಬಿಡದೆ ಬರೆದವನು ಹಿಂದೆ ಏನನ್ನೂ ಬರೆದಿರಲಿಲ್ಲ. ಮನೆಯಿಲ್ಲ, ಆಕಾಶವಿಲ್ಲ, ಕಾಲಡಿ ನೆಲವೂ ಇಲ್ಲ. ನನಗೆ ಸಿಟ್ಟೇ ಬಂತು. ಇಷ್ಟು ಕೈಚಳಕ ಇದ್ದವನಿಗೆ ನೆಲ ಅಂತ ಒಂದು ಗೆರೆ ಎಳೆಯಲು ಏನು ದಾಡಿ?

"ಅಮ್ಮ, ಒಳಗೆ ಯಾರಿದಾರೆ?" ಎಂದಳು ಮಗಳು.

ಪಕ್ಕದ ಫಲಕ ಓದಿದೆ. ಮುಖವಾಡದೊಳಗೆ ಯಾರೆಂಬುದನ್ನು ಮಕ್ಕಳೆದುರು ಆಡುವ ರೂಢಿ ಅವರಲ್ಲಿ ಇಲ್ಲವಂತೆ.

"ನಂಗೆ ಕಂಡ್ಹಿಡಿಯಕ್ಕೆ ಬರತ್ತೆ. ಶೂಸ್ ನೋಡ್ಬೇಕು."

ಡಿಸೆಂಬರ್‌ನಲ್ಲಿ ಅವಳ ಶಾಲೆಗೆ ಉಡುಗೊರೆ ತಂದ ಗಡ್ಡದ ಸಿಂಟರ್‌ಕ್ಲಾಸ್ ಅಜ್ಜ ತಮ್ಮ ಜಿಮ್ ಮೇಷ್ಟ್ರೇ ಎಂದು ಅವಳು ಪತ್ತೆ ಮಾಡಿದ್ದು ಹಾಗೆಯೇ. ಚಿಕ್ಕ ಮಕ್ಕಳಿಗೆ ಮಾತ್ರ ಹೇಳಿರಲಿಲ್ಲ. "ಹೇಳಿದ್ರೆ ಪಾಪ, ಅವ್ರು ಸ್ಯಾಡ್ ಆಗ್ತಾರೆ," ಎಂದಳು.

ನಗು ಬಂತು. ನಗುತ್ತಲೇ ನನ್ನ ಕಥೆಯನ್ನೂ ಹೇಳಿಬಿಟ್ಟೆ. ನಮ್ಮೂರು ತುಮಕೂರು ಸೀಮೆಯದು. ಯುಗಾದಿ ಕಳೆದ ಮೇಲೆ ಗ್ರಾಮದೇವತೆಯ ಮುಂದೆ ಸೋಮ ಕುಣಿಯುತ್ತಾನೆ: ಮರದ ದೊಡ್ಡ ಕೆಂಪು ಮುಖ, ಬೇವಿನ ಸೊಪ್ಪು, ಕಾಲಿಗೆ ಗೆಜ್ಜೆ. ಸೋಮನನ್ನು ಹೊರುತ್ತಿದ್ದವರು ಅಪ್ಪ. ನಾನು ಇವಳಷ್ಟಿದ್ದಾಗ ಒಮ್ಮೆ ಗೆಜ್ಜೆಯ ಕೆಳಗೆ ಉಗುರಿಲ್ಲದ ಹೆಬ್ಬೆರಳು ಕಂಡು "ಅಪ್ಪ" ಎಂದು ಕೂಗಿದೆ. ಅವ್ವ ಓಡಿಬಂದು ನನ್ನ ಬಾಯಿ ಮುಚ್ಚಿದಳು.

"ಸೋಮನ್ನ ಹೊತ್ಕಂಡ್ಮೇಲೆ ಅದು ನಿಮ್ಮಪ್ಪ ಅಲ್ಲ ಕಣೆ. ಕಾಲು ನೋಡ್ಬಾರ್ದು."

ಹೇಳಿ ಮುಗಿಸಿ ಮತ್ತೆ ಚಿತ್ರದತ್ತ ತಿರುಗಿದೆ. ಎಲ್ಲರೂ ಮೊಣಕಾಲು ಎತ್ತಿದ್ದರು. ಸಾಲಿನಲ್ಲಿ ಒಬ್ಬನದು ಮಾತ್ರ ತುಸು ಕೆಳಗಿತ್ತು. ವಯಸ್ಸಾದವನ ಮೊಣಕಾಲು. ಅದು ಯಾರದೆಂದು ಬರೆದವನಿಗೆ ಗೊತ್ತಿರದೆ ಇರುತ್ತದೆಯೇ? ಸೋದರಮಾವನೋ, ಚಿಕ್ಕಪ್ಪನೋ ಇರಬೇಕು. ಯಾರೆಂದು ಹೇಳಿಲ್ಲ, ಆದರೆ ಆ ಮೊಣಕಾಲನ್ನು ಹಾಗೇ ಉಳಿಸಿಕೊಂಡಿದ್ದಾನೆ. ಸುತ್ತಲಿನ ಖಾಲಿ ಕಾಗದವೂ ಈಗ ನನ್ನ ಬಾಯಿ ಮುಚ್ಚಿದ ಅವ್ವನ ಆ ಕೈಯಂತೆ ಕಂಡಿತು. ಮಾಸ್ಕಿನೊಳಗೆ ನನ್ನ ಮೂಗು ಸೋರತೊಡಗಿತು.

ಎರಡು ವರ್ಷ ಪೆಟ್ಟಿಗೆಯಲ್ಲೇ ಇದ್ದ ಸೋಮ ಮರುವರ್ಷ ಊರಲ್ಲಿ ಮತ್ತೆ ಎದ್ದ. ಅವ್ವ ಗುಡಿಯ ಮುಂದೆ ನಿಂತು ವಿಡಿಯೋ ಕಾಲ್ ಮಾಡಿದಳು. ತಮಟೆಯ ಸದ್ದು ತುಂಡು ತುಂಡಾಗಿ ಬರುತ್ತಿತ್ತು. ಅದೇ ಕೆಂಪು ಮುಖ, ಅದೇ ಸೊಪ್ಪು. ನನ್ನ ಕಣ್ಣಿಗೆ ಅಪ್ಪ ಅಲ್ಲೇ ಇದ್ದರು. ಈ ಸಲ ಹೊರುವವನು ಅಣ್ಣ ಎಂದು ಅವ್ವ ಹಿಂದಿನ ದಿನವೇ ಹೇಳಿದ್ದಳು. ಗೊತ್ತಿದ್ದೂ ನನ್ನ ಕಣ್ಣು ಕೆಳಗಿಳಿಯಿತು, ಆ ಹೆಬ್ಬೆರಳನ್ನು ಹುಡುಕಲು.

ಪಕ್ಕ ಕೂತಿದ್ದ ಮಗಳ ಕಣ್ಣು ನನಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಅವಳು ಅಂಗೈ ಚಾಚಿ ಫೋನಿನ ಕೆಳಗಿನ ಅರ್ಧವನ್ನು ಮುಚ್ಚಿದಳು.

"ಕಾಲು ನೋಡ್ಬಾರ್ದು ಅಮ್ಮ," ಎಂದಳು.