ಮೋತ್ಯಾನ ಬಾಯಿಗೆ ಕಟ್ಟಿದ ಕುಕ್ಕಿ

ನಾನು ಚಿಕ್ಕವನಿದ್ದಾಗ ಸಿಟ್ಟನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ ಎಂದು ನನ್ನ ಅಕ್ಕ ನಿಮ್ಮಜ್ಜಿಯ ಹತ್ತಿರ ಚಾಡಿ ಹೇಳಿದ್ದಾಳೆ. ಈಗ ಸಿಟ್ಟೇ ಇಲ್ಲವೇನೋ ಎಂಬಂತೆ! ಸಿಟ್ಟು ಇದ್ದೇ ಇದೆ ಮಕ್ಕಳೇ, ಮೊಣಕಾಲು ಮಾತ್ರ ಕೈಕೊಟ್ಟಿದೆ. ಇವತ್ತು ಹೇಳುವುದು ನನಗೆ ಅತಿ ಹೆಚ್ಚು ಸಿಟ್ಟು ಬಂದಿದ್ದ ಒಂದು ಭಾನುವಾರದ ಸಂಗತಿ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಆಗ ಎಪ್ಪತ್ತರ ದಶಕ ಶುರುವಾಗಿತ್ತಷ್ಟೇ. ನನಗೆ ಒಂಬತ್ತು, ಅಕ್ಕನಿಗೆ ಹದಿಮೂರು. ಧಾರವಾಡದ ಕಡೆಯ ಹಳ್ಳಿಯಿಂದ ಬಂದ ಅಪ್ಪ ಈ ಮಹಾನಗರದ ಫೋರ್ಟ್ ಭಾಗದ ಒಂದು ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಬೆಳಿಗ್ಗೆ ಲೋಕಲ್ ರೈಲು ಹಿಡಿದು ಹೋದರೆ ಮನೆಗೆ ಬರುವುದು ದೀಪ ಹಚ್ಚಿದ ಮೇಲೆಯೇ. ಮಲಾಡಿನ ಚಾಳಿನಲ್ಲಿ, ಅಂದರೆ ಸಾಲು ಕೋಣೆಗಳ ಬಾಡಿಗೆ ಕಟ್ಟಡದಲ್ಲಿ, ನಮ್ಮದು ಒಂದೇ ಖೋಲಿ. ಅದರಲ್ಲಿ ಅಪ್ಪ, ಅವ್ವ, ಅಕ್ಕ, ನಾನು, ಹೊರಗಿನ ಗ್ಯಾಲರಿಯಲ್ಲಿ ನಮ್ಮ ನಾಯಿ ಮೋತ್ಯಾ. ಅವನದು ಬೆಲ್ಲದ ಬಣ್ಣ. ಒಂದು ಕಿವಿ ನೆಟ್ಟಗೆ, ಇನ್ನೊಂದು ಯಾವಾಗಲೂ ಮಡಚಿಕೊಂಡೇ ಇರುತ್ತಿತ್ತು. ಅವ್ವ ಸ್ಟೋವಿನ ಮೇಲೆ ರೊಟ್ಟಿ ಸುಡುವ ವಾಸನೆ ಬಂದರೆ ಸಾಕು, ಬಾಗಿಲಿಗೆ ಬಂದು ಗಲ್ಲವನ್ನು ಹೊಸ್ತಿಲ ಮೇಲಿಟ್ಟು ಮಲಗುತ್ತಿದ್ದ. ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಅವ್ವ ಒಮ್ಮೆ ಬೈದಿದ್ದಳು, ಅವನಿಗೆ ಅಷ್ಟೇ ಸಾಕಾಗಿತ್ತು.

ಚಾಳಿನಲ್ಲಿ ನಾಯಿಗೆ ಜಾಗವೆಲ್ಲಿ? ದಿನಕ್ಕೆ ಎರಡು ಸಲ ಅವನನ್ನು ಹೊರಗೆ ಕರೆದೊಯ್ಯಲೇಬೇಕು. ಅದು ನನ್ನ ಮತ್ತು ಅಕ್ಕನ ಕೆಲಸ. ನಮ್ಮ ಗಲ್ಲಿಯ ಒಂದು ಕೊನೆಯಲ್ಲಿ ಕಾರ್ಖಾನೆಯ ಎತ್ತರದ ಗೋಡೆ. ಇನ್ನೊಂದು ಕೊನೆಯಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿ. ಅದನ್ನು ದಾಟಿದರೆ ಮಾತ್ರ ಮೈದಾನ. ಬೇರೆ ದಾರಿಯೇ ಇರಲಿಲ್ಲ. ನಮ್ಮ ಗೋಳು ಶುರುವಾದದ್ದು ಅಲ್ಲಿಯೇ.

ಆ ಅಂಗಡಿಯ ಮುಂದೆ ಒಂದು ಬೆಂಚು. ಬೆಂಚಿನ ಮೇಲೆ ಸಂಜೆ ಹೊತ್ತು ಮೂವರು ಗಂಡಸರು. ಅವರು ನಮ್ಮ ಚಾಳಿನವರಲ್ಲ, ಅಂಗಡಿಯವರೂ ಅಲ್ಲ. ಯಾವ ಊರಿನವರೋ, ಏನು ಕೆಲಸವೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾವು ಮೋತ್ಯಾನನ್ನು ಕರೆದುಕೊಂಡು ಬರುವುದೇ ತಡ, ಒಬ್ಬ ನೆಲಕ್ಕೆ ಕಾಲು ಅಪ್ಪಳಿಸುತ್ತಿದ್ದ, ಇನ್ನೊಬ್ಬ ನಾಯಿಯಂತೆ ಗುರುಗುಟ್ಟುತ್ತಿದ್ದ. ಮೂರನೆಯವನದು ಪಟ್ಟೆ ಪಟ್ಟೆ ಅಂಗಿ. ಅವನು ಅಂಗಡಿಯ ಗಾಳಿ ಪಂಪು ತೆಗೆದುಕೊಂಡು, ಅದರ ರಬ್ಬರ್ ಕೊಳವೆಯನ್ನು ಮೋತ್ಯಾನ ಕಿವಿಯ ಕಡೆಗೆ ಹಿಡಿದು ಫುಸ್ಸೆಂದು ಗಾಳಿ ಬಿಡುತ್ತಿದ್ದ. ಮೋತ್ಯಾ ಬೆಚ್ಚಿಬಿದ್ದು ಬೊಗಳಿದರೆ ಮೂವರೂ ತೊಡೆ ತಟ್ಟಿ ನಗುತ್ತಿದ್ದರು. ನಾನು ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಿದ್ದೆ, ಅಂಗೈ ಸುಲಿದು ಉರಿಯುತ್ತಿತ್ತು. ಅಂಗಡಿಯವನು ಟ್ಯೂಬಿನ ಪಂಚರ್ ಹುಡುಕುತ್ತ ಬಕೆಟ್ಟಿನ ನೀರು ನೋಡುತ್ತ ಕೂತಿರುತ್ತಿದ್ದ. ಅವನಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ.

ದಿನವೂ ಅಪ್ಪನಿಗೆ ಹೇಳಿದೆವು. ಅಕ್ಕ ಸಮಾಧಾನದಿಂದ ಹೇಳಿದಳು, ನಾನು ಅತ್ತು ಹೇಳಿದೆ. ಅಪ್ಪ ಬೂಟು ಬಿಚ್ಚುತ್ತ, "ಎರಡೂ ಕೈ ಕೂಡಿದ್ರನ ಚಪ್ಪಾಳಿ. ನೀವೂ ಏನರೆ ಅಂದಿರ್ತೀರಿ," ಎನ್ನುತ್ತಿದ್ದ. ಆಮೇಲೆ ತನ್ನ ಹಳೆಯ ಪಾಠ ಒಪ್ಪಿಸುತ್ತಿದ್ದ. ನಾವು ಪರ ಊರಿನವರು, ಇಲ್ಲಿ ಹೊಟ್ಟೆಪಾಡಿಗೆ ಬಂದಿದ್ದೇವೆ, ಯಾರ ಜೊತೆಗೂ ಬಾಯಿ ಹಚ್ಚಬಾರದು, ತಲೆ ತಗ್ಗಿಸಿ ಹೋಗಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಮೂವರ ಮೇಲಿನ ಸಿಟ್ಟಿಗಿಂತ, ಸ್ವಂತ ಅಪ್ಪನೇ ನಮ್ಮನ್ನು ನಂಬುತ್ತಿಲ್ಲವಲ್ಲ ಎಂಬ ಸಿಟ್ಟು ದೊಡ್ಡದಾಗಿತ್ತು.

ಒಂದು ಸಂಜೆ ಆಗಬಾರದ್ದು ಆಯಿತು. ಪಟ್ಟೆ ಅಂಗಿಯವನು ಕೊಳವೆಯನ್ನು ತೀರಾ ಹತ್ತಿರ ತಂದ. ಮೋತ್ಯಾ ಹಾರಿ ಅವನ ಪ್ಯಾಂಟಿನ ಅಂಚನ್ನು ಹರಿದ. ಬರೀ ಪ್ಯಾಂಟು, ಚರ್ಮಕ್ಕೆ ಗೀರೂ ಬಿದ್ದಿರಲಿಲ್ಲ. ಅಷ್ಟಕ್ಕೇ ಅವನು ಚಾಳಿನ ತನಕ ಬಂದು ಮಾಲೀಕನ ಎದುರಿಗೆ ರಂಪ ಮಾಡಿದ. ಗಾಳಿ ಪಂಪಿನ ಸುದ್ದಿಯನ್ನು ಮಾತ್ರ ಬಾಯಿಬಿಡಲಿಲ್ಲ. ಮಾಲೀಕ ಅಪ್ಪನನ್ನು ಕರೆದು ಖಡಾಖಂಡಿತವಾಗಿ ಹೇಳಿದ. ಇನ್ನೊಂದು ದೂರು ಬಂದರೆ ನಾಯಿ ಹಿಡಿಯುವ ವ್ಯಾನಿಗೆ ತಾನೇ ಸುದ್ದಿ ಕಳಿಸುತ್ತೇನೆ ಎಂದ. ಆ ವ್ಯಾನಿನಲ್ಲಿ ಹೋದ ನಾಯಿ ತಿರುಗಿ ಬಂದದ್ದನ್ನು ನಾವ್ಯಾರೂ ನೋಡಿರಲಿಲ್ಲ. ಆ ರಾತ್ರಿ ಅಕ್ಕ ತನ್ನ ಪಾಲಿನ ರೊಟ್ಟಿಯನ್ನೂ ಮೋತ್ಯಾನಿಗೆ ಹಾಕಿದಳು.

ಅಪ್ಪ ಯೋಚನೆ ಮಾಡಿದ. ಮಾಡಿ, ಮಾಡಿ, ರೈತನ ಮಗನಿಗೆ ಹೊಳೆಯುವ ಉಪಾಯವನ್ನೇ ಹುಡುಕಿದ. ಹೊಲದಲ್ಲಿ ಸಾಲುಗಳ ನಡುವೆ ಕಳೆ ತೆಗೆಯಲು ಎಡೆ ಹೊಡೆಯುವಾಗ ಎತ್ತುಗಳು ಪೈರಿಗೆ ಬಾಯಿ ಹಾಕಬಾರದೆಂದು ಮೂತಿಗೆ ಹಗ್ಗದ ಬಲೆ ಕಟ್ಟುತ್ತಾರೆ. ನಮ್ಮ ಕಡೆ ಅದಕ್ಕೆ ಕುಕ್ಕಿ ಎನ್ನುತ್ತಾರೆ. ಅಪ್ಪ ಸಣಬಿನ ಹುರಿ ತಂದು, ಗ್ಯಾಲರಿಯಲ್ಲಿ ಕಾಲು ಚಾಚಿ ಕೂತು, ಮೋತ್ಯಾನ ಮೂತಿಯ ಅಳತೆಗೆ ಒಂದು ಚೆಂದದ ಕುಕ್ಕಿ ಹೆಣೆದ. ಹಳ್ಳಿ ಬಿಟ್ಟು ಎಷ್ಟೋ ವರ್ಷವಾದರೂ ಬೆರಳು ಮರೆತಿರಲಿಲ್ಲ. ಅಪ್ಪನ ಕೈ ಎಂದು ಮೋತ್ಯಾ ತಕರಾರಿಲ್ಲದೆ ಕಟ್ಟಿಸಿಕೊಂಡ. "ಇನ್ನ ಚಿಂತಿಲ್ಲ," ಅಂದ ಅಪ್ಪ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಯಿತು. ಕುಕ್ಕಿ ಕಟ್ಟಬೇಕಾದದ್ದು ಯಾರಿಗೆ, ಕಟ್ಟಿದ್ದು ಯಾರಿಗೆ!

ಹೊಲದಲ್ಲಿ ಕುಕ್ಕಿ ಕಟ್ಟಿದ ಎತ್ತನ್ನು ಯಾರೂ ಕೆಣಕುವುದಿಲ್ಲ. ಮಲಾಡಿನ ಬೆಂಚಿನ ಕಥೆಯೇ ಬೇರೆ. ನಾಯಿ ಇನ್ನು ಕಚ್ಚಲಾರದು ಎಂದು ತಿಳಿದದ್ದೇ ತಡ, ದೂರದಲ್ಲಿದ್ದವರು ಹತ್ತಿರ ಬಂದರು. ಬಾಲ ಎಳೆದರು. ಮಡಚಿದ ಕಿವಿಯನ್ನು ಹಿಂಡಿದರು. ದಾರಿಯಲ್ಲಿ ಹೋಗುವವರು, ಬಾಯಿ ಕಟ್ಟಿದ್ದಾರೆಂದರೆ ಹುಚ್ಚು ನಾಯಿಯೇ ಇರಬೇಕು ಎಂದು ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಂಡು ನಮ್ಮನ್ನೇ ಬೈದರು. ಮೋತ್ಯಾ ಮೈದಾನಕ್ಕೆ ಬರಲೇ ಒಲ್ಲೆ ಎನ್ನತೊಡಗಿದ. ಗಲ್ಲಿಯ ನಡುವೆ ಕಾಲು ಊರಿ ನಿಂತುಬಿಡುತ್ತಿದ್ದ. ಶನಿವಾರ ರಾತ್ರಿ ಅಕ್ಕ ಅಪ್ಪನ ಎದುರಿಗೆ ನಿಂತು, "ನಾಳೆ ನೀನ ಬಾ. ಬಂದು ನಿನ್ನ ಕಣ್ಣೀಲೆ ನೋಡು. ಆಮ್ಯಾಲೆ ನಮಗ ಬೈಯಿ," ಅಂದಳು. ಅವಳು ಅಪ್ಪನ ಜೊತೆ ಹಾಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ಹೂಂ ಅಂದ.

ಭಾನುವಾರ ಸಂಜೆ. ಗಲ್ಲಿಯಲ್ಲಿ ಬಟ್ಟೆ ಒಗೆದ ಸಾಬೂನಿನ ನೀರು ಹರಿಯುತ್ತಿತ್ತು, ಎಲ್ಲರ ಬಾಗಿಲಿನಿಂದಲೂ ರೇಡಿಯೋ ಕೇಳುತ್ತಿತ್ತು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ತಾನೇ ಹಗ್ಗ ಹಿಡಿದ. ನಾನು, ಅಕ್ಕ ಹಿಂದೆ. ದೊಡ್ಡವರು ಜೊತೆಗಿದ್ದಾರೆಂದು ಅವರು ಇವತ್ತು ಸುಮ್ಮನಿದ್ದರೆ ನಮ್ಮ ಗತಿಯೇನು, ಮತ್ತೆ ನಾವೇ ಸುಳ್ಳರಾಗುತ್ತೇವಲ್ಲ ಎಂದು ನನಗೆ ಒಳಗೊಳಗೇ ಪುಕುಪುಕು. ನೋಡಿ, ಅವರು ನಾಯಿಯನ್ನು ಕೆಣಕಲಿ ಎಂದು ನಾನೇ ಬೇಡಿಕೊಳ್ಳುವ ಹಾಗಾಗಿತ್ತು.

ಅವರು ಸುಮ್ಮನಿರಲಿಲ್ಲ. ಕಾಲು ಅಪ್ಪಳಿಸಿದರು, ಗುರುಗುಟ್ಟಿದರು. ಪಟ್ಟೆ ಅಂಗಿಯವನು ಪಂಪು ಹಿಡಿದು ಎದ್ದು ಬಂದ. ಅಪ್ಪ ಹಗ್ಗ ಹಿಡಿದ ಕೈಗೆ ಇನ್ನೊಂದು ಕೈ ಜೋಡಿಸಿ ನಮಸ್ಕಾರ ಮಾಡಿದ. "ಭಾಯಿಸಾಬ್, ಐಸಾ ಮತ್ ಕರೋ. ಗರೀಬ್ ಜಾನವರ್ ಹೈ," ಎಂದ. ಹಾಗೆ ಮಾಡಬೇಡಿ, ಬಡ ಪ್ರಾಣಿ ಎಂದು ಬೇಡಿಕೊಂಡ ಅಪ್ಪನ ಹಿಂದಿಗೆ ಧಾರವಾಡದ ರಾಗವಿತ್ತು. ಬೆಂಚಿನ ಮೇಲಿದ್ದವನು ಅದೇ ರಾಗದಲ್ಲಿ ಅಣಕಿಸಿದ. ಸುತ್ತ ನಿಂತವರೂ ನಕ್ಕರು. ಅಪ್ಪನ ಮುಖ ಕೆಂಪಾಯಿತು, ಆದರೂ ಕೈ ಜೋಡಿಸಿಯೇ ಇದ್ದ. ಅಷ್ಟರಲ್ಲಿ ಪಟ್ಟೆ ಅಂಗಿಯವನು ಬಗ್ಗಿ, ಕುಕ್ಕಿಯ ಹಗ್ಗದ ಸಂದಿಯಲ್ಲಿ ಕೊಳವೆ ತೂರಿಸಿ, ಮೋತ್ಯಾನ ಮೂಗಿಗೇ ಜೋರಾಗಿ ಗಾಳಿ ಹೊಡೆದ.

ಮೋತ್ಯಾ ಕಿರುಚಿದ ಸದ್ದು ನಾನು ಹೇಳಲಾರೆ. ಅವನು ನೆಲಕ್ಕೆ ಬಿದ್ದು ಮೂತಿಯನ್ನು ಡಾಂಬರಿಗೆ ಉಜ್ಜಿದ. ಕುಕ್ಕಿ ಸರಿದು ಕಣ್ಣಿಗೆ ಸಿಕ್ಕಿಕೊಂಡಿತು. ಅಪ್ಪ ಅಲ್ಲೇ ಮಂಡಿಯೂರಿ ಬಿಚ್ಚತೊಡಗಿದ. ತಾನೇ ಹಾಕಿದ ಗಂಟು, ಬಿಗಿಯಾಗಿ ಕೂತುಬಿಟ್ಟಿತ್ತು. "ತಡಿ ಮಗನ, ತಡಿ," ಎನ್ನುತ್ತ ಬೆರಳಿನಿಂದ ಕಿತ್ತ. ಗಂಟು ಬಿಚ್ಚಿತು. ಕಣ್ಣು ಕಾಣದ, ನೋವಿನಲ್ಲಿದ್ದ ಮೋತ್ಯಾ ಎದುರಿಗೆ ಸಿಕ್ಕಿದ್ದನ್ನು ಕಚ್ಚಿದ. ಸಿಕ್ಕಿದ್ದು ಅಪ್ಪನ ಅಂಗೈ.

"ದೇಖಾ? ಕಾಟನೇವಾಲಾ ಕುತ್ತಾ ಹೈ," ಎಂದು ಪಟ್ಟೆ ಅಂಗಿಯವನು, ಕಚ್ಚುವ ನಾಯಿಯೆಂದು ತಾನು ಹೇಳಿದ್ದೇ ನಿಜವಾಯಿತೆಂಬಂತೆ, ಗೆದ್ದವನ ಹಾಗೆ ಎಲ್ಲರ ಮುಖ ನೋಡಿದ. ಬಿಳಿ ಅಂಗಿಯ ತೋಳಿನ ಮೇಲೆ ರಕ್ತ ಇಳಿಯುತ್ತಿತ್ತು. ಮೋತ್ಯಾ ಅಪ್ಪನ ವಾಸನೆ ಹಿಡಿದ ಕೂಡಲೇ ಬಿಟ್ಟುಬಿಟ್ಟಿದ್ದ. ಅಪ್ಪನ ಕಾಲ ಸಂದಿಯಲ್ಲಿ ತಲೆ ಹುದುಗಿಸಿ ಗಡಗಡ ನಡುಗುತ್ತಿದ್ದ. ನಾನು ಕಲ್ಲು ಹುಡುಕುತ್ತಿದ್ದೆ. ಸುಳ್ಳು ಹೇಳುವುದಿಲ್ಲ, ಆ ಹೊತ್ತಿಗೆ ಸಿಕ್ಕಿದ್ದರೆ ಹೊಡೆದೇಬಿಡುತ್ತಿದ್ದೆ. ಅಪ್ಪ ಎದ್ದ. ಪಟ್ಟೆ ಅಂಗಿಯವನ ಕೈಯಿಂದ ಪಂಪು ಕಸಿದುಕೊಂಡು, ಅಂಗಡಿಯ ಒಳಗೆ ಹೋಗಿ, ಅಂಗಡಿಯವನ ಬಕೆಟ್ಟಿನ ಪಕ್ಕ ಇಟ್ಟು ಬಂದ. ಅಂಗಡಿಯವನು ಅಂದು ಮೊದಲ ಸಲ ತಲೆ ಎತ್ತಿದ. ಯಾರೂ ನಗಲಿಲ್ಲ. ನಾವು ತಿರುಗಿ ಚಾಳಿಗೆ ಬಂದೆವು.

ನಮಗಿಂತ ಮೊದಲೇ ಸುದ್ದಿ ಮುಟ್ಟಿತ್ತು. ಮಾಲೀಕ ಮೆಟ್ಟಿಲ ಹತ್ತಿರವೇ ನಿಂತಿದ್ದ. ಕಚ್ಚಿತಂತಲ್ಲ, ನಾಳೆಯೇ ವ್ಯಾನು ಕರೆಸುತ್ತೇನೆ ಎಂದ. ಅಕ್ಕ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಉಗುರು ಚುಚ್ಚಿತು. ಅಪ್ಪ ರಕ್ತದ ಕೈಯನ್ನು ಮುಂದೆ ಚಾಚಿ, "ಮೇರೆಕೋ ಕಾಟಾ. ತಕರಾರ್ ಕಿಸ್ಕಾ? ಮೇರಾ. ಔರ್ ಮೇರಾ ತಕರಾರ್ ನಹೀಂ ಹೈ," ಅಂದ. ಕಚ್ಚಿಸಿಕೊಂಡವನು ತಾನು, ದೂರು ಕೊಡಬೇಕಾದವನೂ ತಾನೇ, ತನ್ನದು ದೂರಿಲ್ಲ ಎಂದು. ತಲೆ ತಗ್ಗಿಸಿ ಹೇಳಲಿಲ್ಲ, ಮಾಲೀಕನ ಕಣ್ಣು ನೋಡಿಯೇ ಹೇಳಿದ. ಮಾಲೀಕ ವ್ಯಾನಿನ ಮಾತು ಕೈಬಿಟ್ಟು, ಮೆಟ್ಟಿಲ ದಾರಿ ಬಿಟ್ಟು ಸರಿದ. ಮೋತ್ಯಾ ಉಳಿದ.

ಆ ಕಾಲದಲ್ಲಿ ನಾಯಿ ಕಚ್ಚಿದರೆ ಹೊಕ್ಕಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಅಪ್ಪ ದಿನಾ ಬೆಳಿಗ್ಗೆ ದವಾಖಾನೆಯ ಸಾಲಿನಲ್ಲಿ ನಿಂತು, ಚುಚ್ಚಿಸಿಕೊಂಡು, ಹೊಟ್ಟೆ ಹಿಡಿದುಕೊಂಡೇ ಲೋಕಲ್ ಹತ್ತುತ್ತಿದ್ದ. ಮೊದಲ ಚುಚ್ಚಿನ ದಿನ ಮನೆಗೆ ಬಂದವನು ನಮ್ಮಿಬ್ಬರನ್ನೂ ಹತ್ತಿರ ಕೂರಿಸಿಕೊಂಡು, "ನೀವು ಮೊದಲ ದಿನಾ ಹೇಳಿದಾಗನ ನಾ ಬರಬೇಕಿತ್ತು," ಅಂದ. ಇರಲಿ ಬಿಡು ಅಪ್ಪಾ ಎಂದು ಅಕ್ಕ ಹೇಳಲಿಲ್ಲ. ನಾನೂ ಹೇಳಲಿಲ್ಲ. ನಮಗೆ ಇನ್ನೂ ಸಿಟ್ಟಿತ್ತು.

ಅಂದಿನಿಂದ ಅಪ್ಪ ಆಫೀಸಿನಿಂದ ಬಂದ ಕೂಡಲೇ, ಚಹಾ ಕೂಡ ಕುಡಿಯದೆ, ನಮ್ಮ ಜೊತೆ ಬರತೊಡಗಿದ. ಬೆಂಚಿನ ಬದಿಗೆ ಅಪ್ಪ, ಆಚೆ ಬದಿಗೆ ಮೋತ್ಯಾ. ಆ ಮೂವರು ಅಲ್ಲೇ ಕೂತಿರುತ್ತಿದ್ದರು. ಅವರಿಗೆ ಯಾರೂ ಏನೂ ಅನ್ನಲಿಲ್ಲ, ಯಾವ ಶಿಕ್ಷೆಯೂ ಆಗಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ನಾನು ನೋಡಿದ ಮಟ್ಟಿಗೆ ಅವರು ಭಜಿ ತಿನ್ನುತ್ತ ಆರಾಮಾಗಿಯೇ ಇದ್ದರು. ಆದರೆ ಪಂಪು ಮುಟ್ಟಲಿಲ್ಲ. ದೊಡ್ಡವರೊಬ್ಬರು ದಿನವೂ ನಡುವೆ ನಡೆದರೆ ಸಾಕಾಗಿತ್ತು. ಅಪ್ಪ ಅಷ್ಟು ಮಾಡಲು ಒಂದು ತಿಂಗಳು ಹಿಡಿಯಿತು.

ಈಗ ನಿಮ್ಮ ಕಾಲ. ಅದೇ ಮಲಾಡ್, ನಮ್ಮ ಚಾಳಿದ್ದಲ್ಲಿ ಈಗ ಇಪ್ಪತ್ತು ಮಾಳಿಗೆಯ ಬಿಲ್ಡಿಂಗು. ನಿಮ್ಮ ನಾಯಿ ಬ್ರೂನೋಗೆ ಚರ್ಮದ ಬೆಲ್ಟು, ಅವನದೇ ಶಾಂಪೂ, ಅವನದೇ ಡಾಕ್ಟರು, ವರ್ಷಕ್ಕೊಮ್ಮೆ ಕೇಕು. ಸೋಫಾ ಮೇಲೆ ನನಗಿಂತ ಮೊದಲು ಅವನು ಕೂರುತ್ತಾನೆ. ನಾನು ಕನ್ನಡದಲ್ಲಿ ಕರೆದರೆ ನಿಮ್ಮ ಹಾಗೆಯೇ ಅವನೂ ಅರ್ಧ ಕೇಳಿಸಿಕೊಳ್ಳುತ್ತಾನೆ. ನಮ್ಮ ಮೋತ್ಯಾ ಇದನ್ನೆಲ್ಲ ನೋಡಿದ್ದರೆ ಹೊಟ್ಟೆಕಿಚ್ಚು ಪಡುತ್ತಿದ್ದ.

ಆದರೆ ನಿನ್ನೆ ನಿಮ್ಮಲ್ಲಿ ಒಬ್ಬಳು, ನಮ್ಮ ಪುಟ್ಟಿ, ಅಳುತ್ತ ಬಂದಳು. ಗೇಟಿನ ಹೊರಗೆ ಯಾರೋ ಇಬ್ಬರು ಬ್ರೂನೋನ ಮುಖಕ್ಕೆ ಫೋನು ಹಿಡಿದು, ಬೊಗಳಿ, ಕಲ್ಲು ತೋರಿಸಿ, ಅವನು ಹಾರಿದ್ದನ್ನು ವಿಡಿಯೋ ಮಾಡಿದರಂತೆ. ಸೊಸೈಟಿಯ ಗ್ರೂಪಿನಲ್ಲಿ ಬರೀ ಹಾರಿದ ಭಾಗ ಬಂದಿದೆಯಂತೆ. ನಿಮ್ಮ ಅಪ್ಪ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, ಹಿಂದಿನ ಗೇಟಿನಿಂದ ಹೋಗು, ಇಗ್ನೋರ್ ಮಾಡು ಅಂದ. ಪುಟ್ಟಿ ಕೋಣೆಗೆ ಹೋದಳು. ನಾನು ಪೇಪರು ಹಿಡಿದುಕೊಂಡು ಅಲ್ಲೇ ಕೂತಿದ್ದೆ, ಅವಳ ಪರವಾಗಿ ಏನೂ ಅನ್ನಲಿಲ್ಲ. ಅದಕ್ಕೇ ಇದನ್ನೆಲ್ಲ ಈಗ ಹೇಳುತ್ತಿದ್ದೇನೆ.

ಪುಟ್ಟೀ, ನೀನು ಹೇಳಿದ್ದನ್ನು ನಾನು ನಂಬುತ್ತೇನೆ. ನೀನು ಏನು ಮಾಡಿದ್ದೆ ಎಂದು ಕೇಳುವುದಿಲ್ಲ. ನನ್ನ ಅಪ್ಪ ಬರಲು ಒಂದು ತಿಂಗಳು ತೆಗೆದುಕೊಂಡ, ನಾನು ಒಂದು ದಿನ ತೆಗೆದುಕೊಂಡೆ. ಅದೂ ಹೆಚ್ಚೇ ಆಯಿತು. ಇವತ್ತು ಸಂಜೆ ಮುಂದಿನ ಗೇಟಿನಿಂದಲೇ ಹೋಗೋಣ. ರಸ್ತೆಯ ಬದಿಗೆ ನಾನು ನಡೆಯುತ್ತೇನೆ.