ಹಣೆಗೆ ಹಚ್ಚಿದ ಟ್ಯೂಬು

ನನ್ನ ಮುಲಾಮಿನ ಟ್ಯೂಬಿಗೆ ಯಾರೋ ಕೈ ಹಾಕುತ್ತಿದ್ದಾರೆ ಅನ್ನುವ ಅನುಮಾನ ಬಂದದ್ದು ಒಂದು ಮುಂಜಾನೆ, ಕನ್ನಡಿ ಮುಂದೆ ನಿಂತಾಗ.

ಎಂಬತ್ತರ ದಶಕದ ಮೊದಲ ವರ್ಷಗಳು. ಹುನಗುಂದದಿಂದ ಇಳಕಲ್ಲಿನ ನೇಕಾರರ ಮನೆಗೆ ಸೊಸೆಯಾಗಿ ಬಂದು ಒಂದೂವರೆ ವರ್ಷ ಆಗಿತ್ತು.

ಆಗಿನ ಟ್ಯೂಬುಗಳು ತಗಡಿನವು. ಖಾಲಿಯಾದಷ್ಟೂ ಹಿಂದಿನಿಂದ ಮಡಚುತ್ತಾ ಬರಬೇಕು. ಹಿಂದಿನ ದಿನ ನಾನು ಮೂರು ಮಡಿಕೆ ಮಾಡಿ ಇಟ್ಟಿದ್ದೆ. ಈಗ ನೋಡಿದರೆ ನಾಲ್ಕು!

ನನ್ನದು ಮೊದಲೇ ಅನುಮಾನದ ಬುದ್ಧಿ. ಹಾಲಿನವಳು ನಕ್ಕರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾಳೆ ಅಂತಲೇ ತಿಳಿಯುವವಳು ನಾನು.

ಆ ಟ್ಯೂಬು ಯಾಕೆ ಬಂತು ಅಂದರೆ... ಮದುವೆಯಾದ ಕೆಲವು ತಿಂಗಳಿಗೆ ಕುಂಕುಮ ಇಡುವ ಜಾಗದಲ್ಲಿ ವಿಪರೀತ ತುರಿಕೆ ಶುರುವಾಗಿತ್ತು. ಕೆಂಪಗಾಗಿ ನೀರು ಒಸರುತ್ತಿತ್ತು. ಔಷಧ ಅಂಗಡಿಯವನು ಚೀಟಿ ಗೀಟಿ ಏನೂ ಕೇಳದೆ ಒಂದು ಕ್ರೀಮ್ ಕೊಟ್ಟ. ಎರಡೇ ದಿನಕ್ಕೆ ಎಲ್ಲ ಮಾಯ.

ಬಿಟ್ಟರೆ ಮತ್ತೆ ತುರಿಕೆ, ಹಚ್ಚಿದರೆ ಆರಾಮ. ಹೀಗೇ ಎಂಟು ತಿಂಗಳು, ದಿನಕ್ಕೆ ಎರಡು ಸಲ ಕ್ರೀಮು, ಅದರ ಮೇಲೆ ಕುಂಕುಮ.

ಕದಿಯುವವಳು ನಾದಿನಿ ಶಾಂತಾನೇ ಅಂತ ತೀರ್ಮಾನಿಸಿದೆ. ಅವಳಿಗೆ ಗಂಡು ನೋಡುತ್ತಿದ್ದರು. ಬೆಳ್ಳಗಾಗುವ ಆಸೆ ಇರುತ್ತದಲ್ಲ... ಕೇಳಿಯೂಬಿಟ್ಟೆ.

"ವೈನಿ, ನಿಮ್ಮ ಮುಲಾಮ ನಾ ಯಾಕ ಮುಟ್ಟಲಿ? ದೇವರಾಣಿ!" ಅಂದು ಕಣ್ಣಲ್ಲಿ ನೀರು ತಂದಳು. ನನಗೆ ಅದೂ ನಾಟಕವೇ ಅನಿಸಿತು.

ಅಷ್ಟರಲ್ಲಿ ನನ್ನ ಹಣೆಯದೇ ಬೇರೆ ಕಥೆಯಾಯಿತು. ಕುಂಕುಮದ ಸುತ್ತ ಚರ್ಮ ತೆಳ್ಳಗಾಗಿ, ಬೆಳ್ಳಗೆ ಕಾಣತೊಡಗಿತು. ಅರಿಶಿನ ಕುಂಕುಮಕ್ಕೆ ಬಂದ ಓಣಿಯ ಹೆಂಗಸೊಬ್ಬಳು ನನ್ನ ಹಣೆಯನ್ನೇ ದಿಟ್ಟಿಸಿ, ಲಗುಬಗೆಯಿಂದ ಎದ್ದು ಹೋದಳು.

ತೊನ್ನು! ಈ ಸುದ್ದಿ ಓಣಿ ದಾಟಿದರೆ ಶಾಂತಾಳ ಸಂಬಂಧ ಕೂಡುವುದಿಲ್ಲ, ನನ್ನನ್ನು ತವರಿಗೆ ಅಟ್ಟುವುದಂತೂ ಗ್ಯಾರಂಟಿ.

ಮರುದಿನ ಅತ್ತೆ ಮೆಲ್ಲಗೆ ಅಂದರು, "ಲಗೂನ ತಯಾರಾಗು, ಬಾಗಲಕೋಟಿ ಡಾಕ್ಟರ ಕಡೆ ಹೋಗೂಣು. ಯಾರ ಮುಂದೂ ಹೇಳಬ್ಯಾಡ."

ಯಾರ ಮುಂದೂ ಹೇಳಬೇಡ ಅಂದಮೇಲೆ ಡಾಕ್ಟರು ಬರೀ ನೆಪ. ಬಸ್ಸು ಹೋಗುವುದೇ ಹುನಗುಂದದ ಮೇಲೆ. ಅಲ್ಲಿಳಿಸಿ ನಮ್ಮವ್ವನ ಕೈಗೆ ನನ್ನನ್ನು ಒಪ್ಪಿಸಿ ಬರುವ ಹಂಚಿಕೆ ಅಂತ ನನಗೆ ಖಾತ್ರಿಯಾಯಿತು.

ಹುನಗುಂದ ಸ್ಟ್ಯಾಂಡು ಬಂತು. ಅತ್ತೆ ಎದ್ದು ನಿಂತರು. ನಾನು ಮುಂದಿನ ಸೀಟಿನ ಸರಳನ್ನು ಗಟ್ಟಿಯಾಗಿ ಹಿಡಿದೆ.

ಅವರು ಕಿಟಕಿಯಿಂದ ಬಗ್ಗಿ ಎರಡು ಪೊಟ್ಟಣ ಶೇಂಗಾ ಕೊಂಡು, ಒಂದನ್ನು ನನ್ನ ಉಡಿಗೆ ಹಾಕಿ ಮತ್ತೆ ಕೂತರು. ನನಗೆ ಶೇಂಗಾದ ಮೇಲೂ ಅನುಮಾನ!

ಬಾಗಲಕೋಟೆಯ ಡಾಕ್ಟರು ವಯಸ್ಸಾದವರು. ಹಣೆ ನೋಡಿ, ನಾನು ಕೊಟ್ಟ ಟ್ಯೂಬು ತಿರುಗಿಸಿ ಓದಿ, "ತೊನ್ನಲ್ಲ" ಅಂದರು. ಇಷ್ಟು ಬೇಗ ಹೇಗೆ ಗೊತ್ತಾಯಿತು, ಅತ್ತೆ ಮೊದಲೇ ಹೇಳಿಕೊಟ್ಟಿದ್ದಾರಾ ಅಂತ ನಾನು ಇಬ್ಬರ ಮುಖವನ್ನೂ ನೋಡಿದೆ.

"ಇದು ಸ್ಟಿರಾಯ್ಡ್ ಮುಲಾಮ ಅವ್ವಾ. ಔಷಧ ಛಲೋದ ಐತಿ, ಆದ್ರ ಅದಕ್ಕೊಂದು ಅಳತಿ ಐತಿ. ತೆಳ್ಳಗ ಸವರಬೇಕು, ಡಾಕ್ಟರ್ ಹೇಳಿದಷ್ಟ ದಿನ, ಹೇಳಿದ ಜಾಗಾಕ್ಕ. ಇಷ್ಟು ಜೋರಿಂದು ಮಾರಿಗೆ ತಿಂಗಳಗಟ್ಟಲೆ ಹಚ್ಚಿದ್ರ ಚರ್ಮ ಸವೀತೈತಿ, ಬಣ್ಣ ಹೋಗತೈತಿ."

ಆಮೇಲೆ ಯಾವ ಕುಂಕುಮ ಹಚ್ಚುತ್ತೀ ಅಂತ ಕೇಳಿದರು. ತವರಿನಲ್ಲಿ ಅವ್ವ ಅರಿಶಿನದಿಂದ ಮನೆಯಲ್ಲೇ ಮಾಡುತ್ತಿದ್ದಳು. ಇಲ್ಲಿ ಪೇಟೆಯ ಪೊಟ್ಟಣದ ಕಡುಗೆಂಪು ಕುಂಕುಮ.

"ತುರಿಕಿ ತರೂದು ಆ ಕುಂಕುಮ. ಮುಲಾಮ ಅದನ್ನ ಮುಚ್ಚಿಡತೈತಿ ಅಷ್ಟ. ವಾಸಿ ಆಗೂತನಕ ಹಣಿ ಬರಿದ ಇರಲಿ." ಒಂದು ವಾರಕ್ಕೆ ಸೌಮ್ಯವಾದ ಬೇರೆ ಮುಲಾಮು ಬರೆದರು. ಹಳೆಯದನ್ನು ಬಿಟ್ಟಾಗ ಕೆಲವು ದಿನ ಉರಿಯುತ್ತದೆ, ಹೆದರಿ ಮತ್ತೆ ಅದನ್ನೇ ಹಚ್ಚಬೇಡ, ಹೆಚ್ಚಾದರೆ ನನ್ನ ಹತ್ತಿರ ಬಾ ಅಂದರು.

ಮುತ್ತೈದೆಯ ಹಣೆ ಬರಿದಾಗಿ ಇಡುವುದೇ! ಈಗ ಅತ್ತೆ ಸಿಡಿಯುತ್ತಾರೆ ಅಂತ ತಲೆ ತಗ್ಗಿಸಿ ಕೂತೆ.

ಅತ್ತೆ ಸಿಡಿಯಲಿಲ್ಲ. ಸೆರಗಿನ ತುದಿಗೆ ನೀರು ಹಚ್ಚಿಕೊಂಡು, ರೂಪಾಯಿಯಗಲದ ತಮ್ಮ ಕುಂಕುಮವನ್ನು ಒರೆಸಿಬಿಟ್ಟರು.

"ನಂದೂ ಒಂಚೂರು ನೋಡ್ರಿ ಡಾಕ್ಟರ..."

ಕೆಳಗೆ ಹಸಿಗಾಯ. ಸುತ್ತ ಕಪ್ಪು, ನಡುವೆ ಕೆಂಪು, ಅಲ್ಲಲ್ಲಿ ಬಿಳಿ. ಒಂದೇ ಮನೆಯಲ್ಲಿದ್ದು ನಾನು ಒಂದು ದಿನವೂ ನೋಡಿರಲಿಲ್ಲ.

"ನಿನ್ನ ಟ್ಯೂಬ ನಾನ ತೊಗೊಂತಿದ್ದೆ. ಶಾಂತಾಗ ಏನೂ ಅನಬ್ಯಾಡ," ಅಂದರು ನನ್ನ ಕಡೆ ನೋಡದೆ.

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಯಾಕೆ ಹೇಳಲಿಲ್ಲ ಅಂತ ಕೇಳಿದರೆ, "ಹಣಿ ಕುಂಕುಮ ತಡೀವಲ್ದು ಅಂದ್ರ ಮಂದಿ ಏನಂತಾರ? ಗಂಡಗ ಕುತ್ತ ಐತಿ ಅಂತಾರ," ಅಂದರು.

ಇಬ್ಬರೂ ಬರಿ ಹಣೆಯಲ್ಲೇ ಮನೆಗೆ ಬಂದೆವು. ಮಗ್ಗದ ಕುಣಿಯಲ್ಲಿ ಕೂತಿದ್ದ ಮಾವ ಲಾಳಿ ನಿಲ್ಲಿಸಿ, ನಮ್ಮಿಬ್ಬರನ್ನೂ ನೋಡಿ ಗಾಬರಿಯಾದರು.

"ಯಾಕ್ರವ್ವಾ, ನಾನೂ ನನ್ನ ಮಗಾನೂ ಇನ್ನೂ ಗಟ್ಟಿ ಅದೀವಲ್ಲ?"

ಅತ್ತೆ ನಕ್ಕುಬಿಟ್ಟರು. ನಾನು ನಗುತ್ತಲೇ ಒಳಗೆ ಹೋಗಿ ಶಾಂತಾಳ ಕೈ ಹಿಡಿದು ತಪ್ಪಾಯಿತು ಅಂದೆ.

ಡಾಕ್ಟರು ಹೇಳಿದಂತೆ ಉರಿ ಬಂತು. ಅತ್ತೆ ಸೊಸೆ ಇಬ್ಬರೂ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಪಡಸಾಲೆಯಲ್ಲಿ ಒರಗಿದ್ದೆವು. ನಿಮಗೆ ಇದು ಯಾವಾಗಿನಿಂದ ಅತ್ತೀ ಅಂತ ಅವತ್ತು ಕೇಳಿದೆ.

"ನಿನ್ನ ಗಂಡ ತೊಟ್ಟಲದಾಗಿದ್ದ," ಅಂದರು.

ಎಲ್ಲರ ಮೇಲೂ ಅನುಮಾನ ಪಟ್ಟ ನನಗೆ ಆ ಹಣೆಯ ಮೇಲೆ ಮಾತ್ರ ಯಾಕೆ ಒಂದು ದಿನವೂ ಅನುಮಾನ ಬರಲಿಲ್ಲ?