ಮುಯ್ಯಾಳು ನಿಲ್ಲಿಸಿದ್ದು

ಅಮ್ಮನ ಗಂಟಲಿನ ಕ್ಯಾನ್ಸರಿಗೆ ಘಟ್ಟದ ಕೆಳಗಿನ ಆಸ್ಪತ್ರೆಯೊಂದರಲ್ಲಿ ಕರೆಂಟ್ ಕೊಡಿಸುತ್ತಿದ್ದೆವು. ರೇಡಿಯೇಷನ್ನಿಗೆ ನಮ್ಮ ಕಡೆ ಅದೇ ಹೆಸರು. ಅರ್ಧ ಮುಗಿದಿತ್ತು. ಒಂದು ಬೆಳಿಗ್ಗೆ ಹೋದರೆ ಕೌಂಟರಿನಲ್ಲಿ, "ಇವತ್ತು ಆಗಲ್ಲ, ಕಂಪ್ಯೂಟರ್ ಎಲ್ಲ ಯಾರೋ ಲಾಕ್ ಮಾಡಿದ್ದಾರೆ" ಎಂದರು.

"ಇವತ್ತು ಕರೆಂಟ್ ಇಲ್ಲವಂತೆ" ಎಂದು ಅಮ್ಮನಿಗೆ ಹೇಳಿದೆ.

"ಜನರೇಟರ್ ಹಾಕಕ್ಕೆ ಎಂತ ಬೇನೆಯೆ ಇವ್ರಿಗೆ?" ಅಂದಳು.

ನಕ್ಕುಬಿಟ್ಟೆ. ಅದು ಹದಿನೆಂಟು ದಿನ ನಡೆಯುತ್ತದೆಂದು ಗೊತ್ತಿದ್ದರೆ ನಗುತ್ತಿರಲಿಲ್ಲ. ಎಲ್ಲಿಗೆ, ಎಷ್ಟು ಕರೆಂಟ್ ಕೊಡಬೇಕೆಂಬುದೆಲ್ಲ ಆ ಕಂಪ್ಯೂಟರಿನಲ್ಲೇ ಇತ್ತಂತೆ. ಮತ್ತೆ ಶುರುವಾಗುವಷ್ಟರಲ್ಲಿ ಗಡ್ಡೆ ಬೆಳೆದಿತ್ತು. "ನಡುವೆ ಬಿಡಬಾರದಿತ್ತು" ಅಂದರು ಡಾಕ್ಟರು, ನಾವೇ ಬಿಟ್ಟೆವೇನೋ ಎಂಬಂತೆ.

ಎಷ್ಟೋ ತಿಂಗಳ ಮೇಲೆ ಕೊಪ್ಪದ ನಮ್ಮ ಮನೆಯ ಟಿವಿಯಲ್ಲಿ ಸುದ್ದಿ ಬಂತು. ಆಸ್ಪತ್ರೆಯ ಕಂಪ್ಯೂಟರ್ ಲಾಕ್ ಮಾಡಿದ್ದು ಬೀದಿ ಕಳ್ಳರಲ್ಲ, ಹೊರದೇಶದ ಒಂದು ಸರ್ಕಾರ ಸಂಬಳ ಕೊಟ್ಟು ಸಾಕಿದ ತಂಡ. ಅದಕ್ಕಾಗಿ ಬೇರೆ ಕೆಲವು ದೇಶಗಳು ಸೇರಿ ತಂಡದ ಮೇಲೆ ನಿರ್ಬಂಧ ಹೇರಿವೆ. ತಂಡದ ಅಧಿಕಾರಿಗಳು ಇನ್ನು ಆ ದೇಶಗಳಿಗೆ ಕಾಲಿಡುವಂತಿಲ್ಲ, ಅಲ್ಲಿ ಆಸ್ತಿ ಇದ್ದರೆ ಮುಟ್ಟುವಂತಿಲ್ಲ. ನನಗೆ ಮೈಯೆಲ್ಲ ಉರಿಯಿತು. ಪ್ರವಾಸ ತಪ್ಪಿಸುವುದೂ ಒಂದು ಶಿಕ್ಷೆಯೇ? ನಿರ್ಬಂಧ ಹೇರಿದವರೇ ತಂಡ ಸಾಕಿದ ದೇಶದ ಜೊತೆ ವ್ಯಾಪಾರವನ್ನು ಮಾತ್ರ ಬಿಟ್ಟಿರಲಿಲ್ಲ. ಥೂ!

ನಾನು ಚಿಕ್ಕವಳಿದ್ದಾಗ, ನಾವಿದ್ದ ಹಳ್ಳಿ ಕಡಹಿನಬೈಲಿನಲ್ಲಿ ಒಬ್ಬ ಹಳ್ಳಕ್ಕೆ ವಿಷ ಹಾಕಿ ಮೀನು ಹಿಡಿದಿದ್ದ. ಆ ನೀರು ಕುಡಿದು ನಮ್ಮ ಗಬ್ಬದ ಹಸು ಸತ್ತಿತು. ಅವನನ್ನು ಯಾರೂ ಹೊಡೆಯಲಿಲ್ಲ. ಊರವರು ಅವನಿಗೆ ಮುಯ್ಯಾಳು ನಿಲ್ಲಿಸಿದರು, ಅಷ್ಟೆ. ನಿನ್ನ ಗದ್ದೆಗೆ ಇವತ್ತು ನಾವು ಬರುತ್ತೇವೆ, ನಮ್ಮ ಗದ್ದೆಗೆ ನಾಳೆ ನೀನು ಬಾ ಎನ್ನುವ ಆಳು ಅದು. ನೆಟ್ಟಿಯ ಹದ ಮೀರುತ್ತಿತ್ತು, ಸಸಿ ಬಲಿಯುತ್ತಿತ್ತು, ಗಂಡ ಹೆಂಡತಿ ಇಬ್ಬರೇ ಎಷ್ಟು ನೆಟ್ಟಾರು? ವಾರದೊಳಗೆ ಅವನು ನಮ್ಮ ಅಂಗಳಕ್ಕೆ ಬಂದು ತಲೆ ತಗ್ಗಿಸಿ ನಿಂತ. ಮತ್ತೆಂದೂ ಹಳ್ಳಕ್ಕೆ ವಿಷ ಬೀಳಲಿಲ್ಲ.

ಟಿವಿಯಲ್ಲಿ ಹೇಳಿದ್ದು ಅಮ್ಮನಿಗೆ ಅರ್ಥವಾಗಲಿಲ್ಲ. "ಅವರಿಗೆ ಮುಯ್ಯಾಳು ನಿಲ್ಲಿಸಿದ್ದಾರಂತೆ" ಎಂದು ಸಿಟ್ಟಿನಲ್ಲೇ ಹೇಳಿದೆ. ಅಮ್ಮ ಗಂಜಿಯ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಅವಳಿಗೀಗ ದನಿ ಬಿದ್ದುಹೋಗಿ ಬರೀ ಗಾಳಿ ಹೊರಡುತ್ತದೆ.

"ಹೌದನೆ? ಹಾಂಗಾರೆ ಅವ್ರ ಗದ್ದೆ ಬೀಳು ಬಿತ್ತಾ?"

"ಇಲ್ಲಮ್ಮ" ಅಂದೆ. ಬೀಳು ಬಿದ್ದಿದ್ದು ನಿನ್ನ ಗಂಟಲು ಎನ್ನಲು ನನಗೆ ಬಾಯಿ ಬರಲಿಲ್ಲ.